ಕೆಂಚನ ನಾಲ್ಕು ವರ್ಷ: ಎಫ್‌ಇಎಲ್‌ವಿ ಬೆಕ್ಕನ್ನು ಮನೆಯಲ್ಲೇ ಉಳಿಸಿಕೊಂಡ ಬಗೆ

2021ರ ಆಗಸ್ಟ್‌ನಲ್ಲಿ ಎಫ್‌ಇಎಲ್‌ವಿ, ಅಂದರೆ ಬೆಕ್ಕುಗಳ ಲ್ಯುಕೇಮಿಯಾ ವೈರಾಣುವಿನ ಪರೀಕ್ಷೆಯ ಕಿಟ್‌ನಲ್ಲಿ ಎರಡನೆಯ ಗೆರೆ ಮೂಡಿದ ದಿನ ಕೆಂಚನ ತೂಕ ಮೂರು ಕಿಲೋಗೆ ತುಸು ಮೇಲಿತ್ತು. ಮೊದಲು ನೋಡಿದ ವೈದ್ಯರು ಎರಡು ವರ್ಷಕ್ಕಿಂತ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದರು. ಬೀದಿ ಬೆಕ್ಕುಗಳಿಗೆ ಊಟ ಹಾಕುವ ನಮ್ಮ ಬಳಗದಲ್ಲೇ ಇಬ್ಬರು, ಇಂಜೆಕ್ಷನ್ ಕೊಡಿಸಿ ಮುಕ್ತಿ ಕಾಣಿಸು, ಅದೇ ಪುಣ್ಯ ಎಂದರು. ಅಣ್ಣ ಮಾತ್ರ ಲೆಕ್ಕ ಹಾಕಿ ಹೇಳಿದ: "ಈ ದುಡ್ಡಿನಲ್ಲಿ ಹತ್ತು ಬೆಕ್ಕು ಸಾಕಬಹುದು ಕಣೇ."

ನಾಲ್ಕು ವರ್ಷ ದಾಟಿತು. ಈಗ ಅದೇ ಬಳಗದವರು ಫೋನ್ ಮಾಡಿ, "ಅಕ್ಕಾ, ಕೆಂಚನಿಗೆ ಏನು ಮಾಡಿದಿರಿ?" ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದಿಡುತ್ತಿದ್ದೇನೆ.

ಒಂದೇ ಕಿಟ್ ನಂಬಿ ಕೈಚೆಲ್ಲಬೇಡಿ. ನಾನು ಆರು ವಾರ ಬಿಟ್ಟು ಮತ್ತೆ ಮಾಡಿಸಿದೆ, ರಕ್ತವನ್ನು ವೈರಾಣುವಿನ ವಂಶವಾಹಿಯನ್ನೇ ಹುಡುಕುವ ಪಿಸಿಆರ್‌ಗೂ ಕಳುಹಿಸಿದೆ. ಎರಡೂ ಪಾಸಿಟಿವ್. ಎಲ್ಲ ಸೇರಿ ಐದು ಸಾವಿರದ ಹತ್ತಿರ ಹೋಯಿತು. ಮನೆಯ ಇನ್ನೊಂದು ಬೆಕ್ಕು ಬೂದಿ ಅಷ್ಟು ದಿನವೂ ಇವನ ಜೊತೆ ಒಂದೇ ತಟ್ಟೆಯಲ್ಲಿ ತಿಂದು, ಇವನ ಕಿವಿ ನೆಕ್ಕಿಕೊಂಡೇ ಇತ್ತು. ಎಂಜಲಿನಿಂದ ಹರಡುವ ರೋಗ ಎಂದು ಗೊತ್ತಿದ್ದೂ ಫಲಿತಾಂಶ ಬರಲಿ ಎಂದು ಕಾದೆ. ಅದು ನನ್ನ ಮೊದಲ ತಪ್ಪು. ಬೂದಿಗೆ ವಯಸ್ಸಾಗಿತ್ತು, ದೇಹ ತಡೆದುಕೊಂಡಿತು. ಎರಡು ಸಲ ನೆಗೆಟಿವ್ ಬಂತು. ಮರಿಯಾಗಿದ್ದರೆ ಬಹುಶಃ ಆ ಅದೃಷ್ಟ ಇರುತ್ತಿರಲಿಲ್ಲ.

ಎರಡನೆಯ ತಪ್ಪು ಫಿನಾಯಿಲ್. ವೈರಾಣು ನೆಲದಲ್ಲೆಲ್ಲ ಇದೆಯೆಂಬ ಭಯದಲ್ಲಿ ದಿನಕ್ಕೆ ಮೂರು ಸಲ ಒರೆಸುತ್ತಿದ್ದೆ. ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕಿದ ಕೆಂಚ ಜೊಲ್ಲು ಸುರಿಸತೊಡಗಿದ. ಫಿನಾಯಿಲ್ ಬೆಕ್ಕಿಗೆ ವಿಷ. ವೈದ್ಯರು ಗದರಿದ್ದು ಸರಿಯೇ. ಈ ವೈರಾಣು ಒಣಗಿದರೆ ಕೆಲವು ಗಂಟೆಗಳಲ್ಲೇ ಸಾಯುತ್ತದೆ, ಸಾಬೂನು ನೀರಿಗೇ ಸೋಲುತ್ತದೆ. ಅಂದಿನಿಂದ ಬಟ್ಟಲುಗಳನ್ನು ಬೇರೆ ಮಾಡಿ, ಪಾತ್ರೆ ತೊಳೆಯುವ ಸೋಪು ಹಾಕಿ ತೊಳೆಯುತ್ತೇನೆ, ಅಷ್ಟೇ. ನಮ್ಮದು ಮೈಸೂರಿನ ಹಳೆಯ ಹೆಂಚಿನ ಮನೆ. ಮುಂದಿನ ಜಗಲಿಗೆ ಕಬ್ಬಿಣದ ಜಾಲರಿ ಹೊಡೆಸಿ ಅದನ್ನು ಕೆಂಚನಿಗೆ ಬಿಟ್ಟುಕೊಟ್ಟೆ. ಏಳು ಸಾವಿರ ಆಯಿತು. ಬಿಸಿಲೂ ಸಿಕ್ಕಿತು, ಬೀದಿಯ ಗಡವ ಬೆಕ್ಕುಗಳ ಜೊತೆಗಿನ ಕಚ್ಚಾಟವೂ ನಿಂತಿತು.

ಔಷಧದ ವಿಷಯದಲ್ಲಿ ಮೊದಲ ವರ್ಷ ಹಾಳು ಮಾಡಿದ ಹಣ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ರಕ್ತ ಕಡಿಮೆ ಎಂದು ಮಕ್ಕಳ ಕಬ್ಬಿಣದ ಟಾನಿಕ್ ಕುಡಿಸಿದೆ, ವಾಂತಿಯಾಯಿತು. ಈ ರೋಗದಲ್ಲಿ ಅಸ್ಥಿಮಜ್ಜೆಯೇ ರಕ್ತ ತಯಾರಿಸಲು ಹಿಂದೇಟು ಹಾಕುವಾಗ ಕಬ್ಬಿಣ ಸುರಿದು ಏನು ಫಲ? ರೋಗನಿರೋಧಕ ಶಕ್ತಿಗೆಂದು ತರಿಸಿದ ಪುಡಿಗೆ ಮೂರು ಸಾವಿರ ಕೊಟ್ಟೆ. ಮೂರು ತಿಂಗಳಾದರೂ ತೂಕದಲ್ಲಿ, ರಕ್ತದಲ್ಲಿ ಏನೂ ಬದಲಾಗಲಿಲ್ಲ. ಅಮೃತಬಳ್ಳಿಯ ರಸವನ್ನೂ ನೋಡಿದೆ. ಕಹಿ ನಾಲಿಗೆಗೆ ತಾಕಿದ್ದೇ ಬಾಯಿತುಂಬ ನೊರೆ ಬಂತು, ಎರಡು ದಿನ ನನ್ನ ಕೈ ಕಂಡರೆ ಮಂಚದಡಿ ಓಡುತ್ತಿದ್ದ. ಬೆಕ್ಕಿನ ನಂಬಿಕೆ ಕಳೆದುಕೊಂಡರೆ ಮುಂದೆ ಯಾವ ಔಷಧವನ್ನೂ ಕೊಡಲಾಗುವುದಿಲ್ಲ. ಆ ಪ್ರಯೋಗವನ್ನು ಅಲ್ಲಿಗೇ ಬಿಟ್ಟೆ.

ನಿಜವಾಗಿ ಗಾಳಿ ತಿರುಗಿದ್ದು ಹಲ್ಲು ಕೀಳಿಸಿದ ಮೇಲೆ. ಕೆಂಚ ಹಸಿದು ತಟ್ಟೆಯ ಬಳಿ ಓಡಿ ಬರುತ್ತಿದ್ದ, ಒಂದು ತುತ್ತು ಬಾಯಿಗಿಟ್ಟು ಕಿರುಚಿ ಹಿಂದೆ ಸರಿಯುತ್ತಿದ್ದ. ವಸಡು ಹಣ್ಣಾಗಿ, ಗಂಟಲಿನವರೆಗೂ ಕೆಂಪಾಗಿತ್ತು. ಇಂಥ ಬೆಕ್ಕಿಗೆ ಅರಿವಳಿಕೆ ಕೊಟ್ಟರೆ ಏಳುವುದೇ ಇಲ್ಲ ಎಂದು ಹೆದರಿಸಿದವರೇ ಹೆಚ್ಚು. ನಾನು ಮೊದಲು ರಕ್ತಪರೀಕ್ಷೆ ಮಾಡಿಸಿ, ಅಂಕಿಗಳು ತಾಳಿಕೊಳ್ಳುವಂತಿದ್ದ ವಾರವನ್ನೇ ಕಾದು ದವಡೆ ಹಲ್ಲುಗಳನ್ನೆಲ್ಲ ತೆಗೆಸಿದೆ. ಹದಿನೆಂಟು ಸಾವಿರ. ಹತ್ತು ದಿನ ಮಿಕ್ಸಿಯಲ್ಲಿ ರುಬ್ಬಿದ ಊಟ. ಹನ್ನೊಂದನೆಯ ದಿನ ಬೂದಿಯ ಒಣ ಆಹಾರದ ಚೀಲವನ್ನು ಹರಿದು ದವಡೆ ಹಲ್ಲಿಲ್ಲದ ಬಾಯಲ್ಲೇ ತಿನ್ನುತ್ತಿದ್ದ. ನಾನು ಬಾಗಿಲಲ್ಲಿ ನಿಂತು ಅತ್ತುಬಿಟ್ಟೆ.

ಊಟವನ್ನು ಮೈಬಿಸಿಗೆ ಬೆಚ್ಚಗೆ ಮಾಡಿ, ಅಂಚಿಲ್ಲದ ಪಿಂಗಾಣಿ ತಟ್ಟೆಯಲ್ಲಿ ಕೊಡುತ್ತೇನೆ. ಸ್ಟೀಲ್ ಬಟ್ಟಲಿಗೆ ಮೀಸೆ ತಾಗಿದರೆ ಅರ್ಧಕ್ಕೇ ಬಿಡುತ್ತಾನೆ. ಮಣ್ಣಿನ ತಟ್ಟೆ, ಬಾಳೆಲೆ ಎಲ್ಲ ಇಟ್ಟು ನೋಡಿಯೇ ಹೇಳುತ್ತಿದ್ದೇನೆ. ಅಂಗಡಿಯ ಪೂರ್ಣ ಆಹಾರವೇ ಮುಖ್ಯ, ಮೇಲೆ ಬೇಯಿಸಿದ ಕೋಳಿ ಅಥವಾ ಬೂತಾಯಿ ಮೀನು. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಸೋಕಬಾರದು. ಕೋಳಿ ಅಂಗಡಿಯ ಹಸಿ ಚೂರುಗಳನ್ನು ಪೂರ್ತಿ ನಿಲ್ಲಿಸಿದೆ. ಅವನು ಊಟ ಬಿಟ್ಟ ದಿನಗಳಿಗೆಂದೇ ನಾನು ಮಾಡುವ ಒಂದು ತಿಳಿಸಾರು ಇದೆ. ಅದರಲ್ಲಿ ಏನಿದೆ ಎಂಬುದನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಳ್ಳುತ್ತೇನೆ.

ಇನ್ನು ಕೆಂಚನ ತೂಕ ಬರೆದಿಡುವ ನನ್ನ ಪುಸ್ತಕದ ವಿಷಯ. ಈಗ ಮೂರನೆಯದು ನಡೆಯುತ್ತಿದೆ. ಪ್ರತಿ ಭಾನುವಾರ ಬೆಳಿಗ್ಗೆ ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ತರಕಾರಿ ಬುಟ್ಟಿ, ಬುಟ್ಟಿಯಲ್ಲಿ ಕೆಂಚ. ತಕ್ಕಡಿಗೆ ಕೊಟ್ಟದ್ದು ನಾನೂರೈವತ್ತು ರೂಪಾಯಿ. ನಾಲ್ಕು ವರ್ಷದಲ್ಲಿ ಅಷ್ಟು ಉಪಕಾರ ಮಾಡಿದ ಇನ್ನೊಂದು ವಸ್ತು ಮನೆಯಲ್ಲಿಲ್ಲ. ನೂರು ಗ್ರಾಂ ಇಳಿದರೆ ಕಣ್ಣಿಟ್ಟು ಕಾಯುತ್ತೇನೆ, ಇನ್ನೂರು ಇಳಿದರೆ ಆಸ್ಪತ್ರೆಗೆ ಹೊರಡುತ್ತೇನೆ. ತೂಕ ಬರೆದ ಮೇಲೆ ಕಿಟಕಿಯ ಬಳಿ ಮೇಲ್ದುಟಿ ಎತ್ತಿ ವಸಡು ನೋಡುವುದು. ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ಬೆಳ್ಳಗಾದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಅದೇ ಕಿಟಕಿ, ಅದೇ ಹೊತ್ತು, ಮೊಬೈಲಿನಲ್ಲಿ ಒಂದು ಚಿತ್ರ. ಒಂದು ರಾತ್ರಿ ವಸಡಿನಲ್ಲಿ ಕಪ್ಪು ಚುಕ್ಕೆ ಕಂಡು ಎದೆ ಒಡೆದಂತಾಗಿತ್ತು. ಕೆಂಚು ಬಣ್ಣದ ಬೆಕ್ಕುಗಳಿಗೆ ತುಟಿ, ವಸಡಿನ ಮೇಲೆ ಅಂಥ ಮಚ್ಚೆ ಬರುವುದು ಸಹಜ, ಅಪಾಯವಿಲ್ಲ ಎಂದು ಬೆಳಿಗ್ಗೆ ತಿಳಿಯಿತು.

2023ರ ಮಳೆಗಾಲದಲ್ಲಿ ಎರಡು ಭಾನುವಾರದ ಚಿತ್ರಗಳನ್ನು ಪಕ್ಕಪಕ್ಕ ಇಟ್ಟಾಗ ಗುಲಾಬಿ ಹೋಗಿ ಮಲ್ಲಿಗೆ ಬಿಳುಪು ಬಂದದ್ದು ಕಂಡಿತು. ಅವನಾದರೋ ಆಡಿಕೊಂಡೇ ಇದ್ದ. ಅಂದೇ ಹೊರಟೆವು. ಮೂವತ್ತಕ್ಕೂ ಮೇಲಿರಬೇಕಾದ ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪ್ರಮಾಣ, ಹದಿನಾಲ್ಕೋ ಹದಿನೈದೋ ಇತ್ತು. ಇದು ವೈರಾಣುವಿನ ಕೊನೆಯ ಹಂತ, ಇನ್ನೇನೂ ಇಲ್ಲ ಎಂದು ಒಬ್ಬರು ಹೇಳಿದರು. ರಕ್ತದ ಲೇಪನವನ್ನು ಒಮ್ಮೆ ಸೂಕ್ಷ್ಮದರ್ಶಕದಲ್ಲಿ ನೋಡಿ ಎಂದು ಇನ್ನೊಬ್ಬ ವೈದ್ಯರಿಗೆ ದುಂಬಾಲು ಬಿದ್ದೆ. ಕೆಂಪು ಕಣಗಳಿಗೆ ಅಂಟಿಕೊಂಡ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಚಿಗಟದಿಂದ ಬಂದಿರಬೇಕು. ವಾಸಿ ಮಾಡಬಹುದಾದ ಕಾಯಿಲೆ! ರಕ್ತ ಕೊಡಿಸಲು ಹತ್ತು ಸಾವಿರ ಎತ್ತಿಟ್ಟಿದ್ದೆ, ಬೇಕಾಗಲಿಲ್ಲ. ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಗುಳಿಗೆಯನ್ನು ನಾಲ್ಕು ವಾರ ಕೊಟ್ಟೆವು, ಪಿಸಿವಿ ಇಪ್ಪತ್ತೇಳಕ್ಕೆ ಏರಿತು.

ಅಲ್ಲೂ ಒಂದು ಎಡವಟ್ಟಾಯಿತು. ಮೊದಲ ವಾರ ಗುಳಿಗೆಯನ್ನು ಒಣಗಂಟಲಿಗೆ ಹಾಕುತ್ತಿದ್ದೆ. ಅದು ಅನ್ನನಾಳದಲ್ಲಿ ನಿಂತು ಸುಟ್ಟಿತು, ಮೂರು ದಿನ ನುಂಗಲಾಗದೆ ಕತ್ತು ಚಾಚಿ ಕೂತಿದ್ದ. ಆಮೇಲೆ ಪ್ರತಿ ಗುಳಿಗೆಯ ಹಿಂದೆ ಸಿರಿಂಜಿನಲ್ಲಿ ಐದು ಮಿಲಿ ನೀರು, ತಪ್ಪದೆ. ಆ ಮೂರು ದಿನ ವೈದ್ಯರು ತೋರಿಸಿಕೊಟ್ಟಂತೆ ಮನೆಯಲ್ಲೇ ಚರ್ಮದಡಿ ರಿಂಗರ್ಸ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರವ ಕೊಟ್ಟೆ, ಅವರು ಹೇಳಿದ ಅಳತೆಯಷ್ಟೇ. ತಣ್ಣನೆಯ ಬಾಟಲಿಗೆ ಬೆಚ್ಚಿ ಹಾರಿದ. ಬಿಸಿನೀರಿನ ಪಾತ್ರೆಯಲ್ಲಿ ಹತ್ತು ನಿಮಿಷ ಇಟ್ಟು ಮಣಿಕಟ್ಟಿಗೆ ತಾಗಿಸಿ ನೋಡಿ ಕೊಟ್ಟಾಗ ಗುರುಗುಟ್ಟುತ್ತಲೇ ಕೂತ. ಭುಜದ ಬಳಿ ಎದ್ದ ನೀರಿನ ಗುಬುಟು ಮೆಲ್ಲಗೆ ಮುಂಗಾಲಿಗೆ ಜಾರುತ್ತದೆ, ಗಾಬರಿಯಾಗಬೇಡಿ, ಸಂಜೆಯೊಳಗೆ ಇಳಿಯುತ್ತದೆ.

ಮೊದಲ ವರ್ಷ ಅರವತ್ತು ಸಾವಿರದವರೆಗೆ ಖರ್ಚಾಗಿತ್ತು. ಈಗ ಊಟ, ಚಿಗಟದ ಹನಿ, ಜಂತುಹುಳದ ಗುಳಿಗೆ, ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಎಲ್ಲ ಸೇರಿ ತಿಂಗಳಿಗೆ ಎರಡೂವರೆ ಸಾವಿರದ ಆಸುಪಾಸು. ದೀಪಾವಳಿಯ ಪಟಾಕಿಗೆ ಹೆದರಿದರೆ ವಾರದೊಳಗೆ ಸೀನು ಹಿಡಿಯುತ್ತದೆ. ಅದಕ್ಕೇ ಮೂರು ದಿನ ಮೊದಲೇ ಒಳಕೋಣೆಯ ಅಜ್ಜಿಯ ಮಂಚದಡಿ ಕೌದಿ ಹಾಸಿ, ಊಟವನ್ನೂ ಅಲ್ಲೇ ಕೊಟ್ಟು ರೂಢಿ ಮಾಡಿಸುತ್ತೇನೆ. ಕಳೆದ ಸಲ ಒಂದು ಸೀನೂ ಬರಲಿಲ್ಲ.

ಈ ಭಾನುವಾರದ ತೂಕ 4 ಕಿಲೋ 60 ಗ್ರಾಂ, ವಸಡು ಗುಲಾಬಿ. ಬುಟ್ಟಿಯಿಂದ ಇಳಿಸಲು ಹೋದರೆ ಇಳಿಯಲೊಲ್ಲದೆ ಅಲ್ಲೇ ಸುತ್ತಿಕೊಂಡು ಮಲಗಿದ. ತರಕಾರಿಯನ್ನು ಬೇರೆ ಪಾತ್ರೆಗೆ ಹಾಕಿಕೊಂಡೆ.