ಗಿಡದ ಫಿಶ್ ಟ್ಯಾಂಕಿಗೆ ಎಲೆಕ್ಟ್ರಿಕಲ್ ಅಂಗಡಿಯ ಲೈಟು

ನಮ್ಮ ಮನೆಯ ಫಿಶ್ ಟ್ಯಾಂಕ್ ಹೊಸದಲ್ಲ. ಆಫೀಸಿನ ಗೆಳೆಯರೊಬ್ಬರು ಬೆಂಗಳೂರು ಬಿಟ್ಟು ಹೋಗುವಾಗ "ತಗೊಂಡು ಹೋಗಿ, ಸಾಗಿಸೋದು ನನ್ನ ಕೈಲಾಗಲ್ಲ" ಅಂತ ಕೊಟ್ಟಿದ್ದು. 24 ಇಂಚು ಉದ್ದ, 12 ಇಂಚು ಅಗಲ, 12 ಇಂಚು ಎತ್ತರ. ಅಳತೆ ಪ್ರಕಾರ 56 ಲೀಟರ್. ಮಣ್ಣು, ಕಲ್ಲು ಹಾಕಿದ ಮೇಲೆ ಬಕೆಟ್ ಲೆಕ್ಕದಲ್ಲಿ ನೀರು ಹಿಡಿದದ್ದು 48 ಲೀಟರ್. ಜೊತೆಗೆ ಒಂದು ಪ್ಲಾಸ್ಟಿಕ್ ಮುಚ್ಚಳ, ಅದರೊಳಗೆ ನೀಲಿ-ಬಿಳಿ ಬೆಳಕಿನ ಒಂದು ಸಣ್ಣ ಪಟ್ಟಿ.

ಆ ಬೆಳಕಿನಲ್ಲಿ ಮೀನು ಚಂದ ಕಾಣುತ್ತಿದ್ದವು, ಸುಳ್ಳು ಹೇಳಬಾರದು. ಗಪ್ಪಿಗಳ ಬಾಲ ಮಿಂಚುತ್ತಿತ್ತು. ಆದರೆ ಗಿಡ ಸೊರಗಿತು. ಹೈಗ್ರೋಫಿಲಾ ಕಡ್ಡಿ ಕಡ್ಡಿಯಾಗಿ ಮೇಲಕ್ಕೆ ಓಡಿತು. ಎಲೆಗೂ ಎಲೆಗೂ ನಡುವೆ ಎರಡು ಬೆರಳು ಅಂತರ, ಕೆಳಗಿನ ಎಲೆಯೆಲ್ಲ ಹಳದಿಯಾಗಿ ಉದುರಿತು. ಕತ್ತಲೆ ಮೂಲೆಯಲ್ಲಿ ಮೊಳಕೆ ಬಂದ ಹೆಸರುಕಾಳು ನೋಡಿದ್ದೀರಲ್ವಾ, ಹಾಗೆ. ಗಿಡ ಬೆಳಕು ಹುಡುಕಿಕೊಂಡು ಹೋಗುತ್ತಿದೆ ಅಂತ ಆಗ ಹೊಳೆಯಲೇ ಇಲ್ಲ. ಗೊಬ್ಬರ ಸಾಲದು ಅಂದುಕೊಂಡು ಗೊಬ್ಬರದ ಮಾತ್ರೆ ಹೂತೆ. ಏನೂ ಆಗಲಿಲ್ಲ.

ಅಕ್ವೇರಿಯಂ ಅಂಗಡಿಯಲ್ಲಿ ಕೇಳಿದರೆ ಗಿಡದ ಲೈಟು ಅಂತ ತೋರಿಸಿದ್ದು ನಾಲ್ಕು ಸಾವಿರದಿಂದ ಮೇಲಕ್ಕೆ. ಪುಕ್ಕಟೆ ಬಂದ ಟ್ಯಾಂಕಿಗೆ ನಾಲ್ಕು ಸಾವಿರದ ಲೈಟು ಹಾಕಲು ಮನಸ್ಸು ಬರಲಿಲ್ಲ. ಮನೆಯಲ್ಲಿ ಹಳದಿ ಬೆಳಕಿನ ಒಂದು ಎಲ್‌ಇಡಿ ಬಲ್ಬು ಇತ್ತು. ಟೇಬಲ್ ಲ್ಯಾಂಪಿಗೆ ಹಾಕಿ ಮೇಲಿನಿಂದ ಬಾಗಿಸಿ ಇಟ್ಟೆ. ಗಿಡಗಳು ಸುಧಾರಿಸಿದವು, ನಿಜ. ಆದರೆ ಟ್ಯಾಂಕಿನಲ್ಲಿ ನೀರಿನ ಬದಲು ಟೀ ಡಿಕಾಕ್ಷನ್ ತುಂಬಿಸಿದ ಹಾಗೆ ಕಾಣುತ್ತಿತ್ತು. ಹಸಿರು ಹಸಿರಾಗಿ ಕಾಣದಿದ್ದರೆ ಗಿಡ ಬೆಳೆಸಿ ಏನು ಬಂತು?

ಆಮೇಲೆ ಮಾಡಿದ್ದು ದೊಡ್ಡ ತಪ್ಪು. 50 ವ್ಯಾಟಿನ ಫ್ಲಡ್ ಲೈಟ್ ತಂದೆ. ಹೊರಗೆ ಗೇಟಿಗೆ ಹಾಕುತ್ತಾರಲ್ಲ, ಅದೇ. ನೀರು ಬಿದ್ದರೂ ತೊಂದರೆ ಇಲ್ಲ ಅಂತ ಐಪಿ65 ಎಂದು ಬರೆದಿತ್ತು. ಸಾವಿರ ರೂಪಾಯಿಯೊಳಗೆ ಕೆಲಸ ಮುಗಿಯಿತು ಅಂತ ಖುಷಿ. ಬೆಳಿಗ್ಗೆ ಆಫೀಸಿಗೆ ಹೋಗುವಾಗ ಹಾಕಿ ರಾತ್ರಿ ಬಂದು ಆರಿಸುತ್ತಿದ್ದೆ. ದಿನಕ್ಕೆ ಹತ್ತು ಹನ್ನೊಂದು ಗಂಟೆ. ಹೆಂಡತಿ ಮೊದಲ ದಿನವೇ "ಇದೇನು, ಚಿನ್ನಸ್ವಾಮಿ ಸ್ಟೇಡಿಯಂ ಮಾಡಿಟ್ಟಿದ್ದೀರಾ?" ಅಂದಳು. ಎರಡು ವಾರ ಗಿಡಗಳು ಗುಳ್ಳೆ ಬಿಡುತ್ತಾ ಚಿಗುರಿದವು. ಮೂರನೇ ವಾರ ಗಾಜಿನ ಮೇಲೆ ಹಸಿರು ಚುಕ್ಕೆ. ನಾಲ್ಕನೇ ವಾರ ನೂಲಿನಂಥ ಪಾಚಿ. ಹಳೇ ಟೂತ್‌ಬ್ರಷ್ಷಿಗೆ ಸುತ್ತಿ ಎಳೆದರೆ ಶಾವಿಗೆ ಥರ ಬರುತ್ತಿತ್ತು. ಜಾವಾ ಫರ್ನ್ ಎಲೆಗಳ ಅಂಚಿಗೆ ಕಪ್ಪು ಗಡ್ಡದಂಥ ಪಾಚಿ ಬೆಳೆಯಿತು. ಮೀನುಗಳು ಕಲ್ಲಿನ ಹಿಂದೆ ಅಡಗಿ ಕೂತವು.

ಆಗ ಕೂತು ಸರಿಯಾಗಿ ಓದಿದೆ, ಲೆಕ್ಕ ಹಾಕಿದೆ. ವಿಷಯ ಅಷ್ಟು ಕಷ್ಟದ್ದಲ್ಲ. ಬೆಳಕು ಜಾಸ್ತಿ ಆದಷ್ಟೂ ಗಿಡಕ್ಕೆ ಕಾರ್ಬನ್ ಡೈಆಕ್ಸೈಡ್ ಮತ್ತು ಗೊಬ್ಬರ ಜಾಸ್ತಿ ಬೇಕು. ನನ್ನ ಟ್ಯಾಂಕಿಗೆ ಆ ಗ್ಯಾಸ್ ಕೊಡುವ ಸಿಲಿಂಡರ್ ಇಲ್ಲ. ನೀರಿನಲ್ಲಿ ತಾನಾಗಿ ಇರುವಷ್ಟು ಗ್ಯಾಸೇ ಗತಿ. ಅದು ಮುಗಿದ ಮೇಲೆ ಗಿಡ ಸುಮ್ಮನೆ ನಿಲ್ಲುತ್ತದೆ. ಉಳಿದ ಬೆಳಕನ್ನು ಉಣ್ಣಲು ಪಾಚಿ ಕಾದಿರುತ್ತದೆ. ಬೆಳಕು ಕಾರಿನ ಆಕ್ಸಿಲರೇಟರ್ ಇದ್ದ ಹಾಗೆ. ಪೆಟ್ರೋಲ್ ಇಲ್ಲದೆ ಅದನ್ನು ತುಳಿದು ಏನು ಮಾಡುವುದು?

ಎರಡನೆಯದು, ಅಳತೆ. ಒಂದು ಗ್ಯಾಲನ್ನಿಗೆ ಇಷ್ಟು ವ್ಯಾಟ್ ಅನ್ನುವ ಹಳೇ ಸೂತ್ರ ಇನ್ನೂ ಓಡಾಡುತ್ತಿದೆ. ಅದು ದಪ್ಪ ಟ್ಯೂಬ್‌ಲೈಟ್ ಕಾಲದ್ದು. ವ್ಯಾಟ್ ಅಂದರೆ ಲೈಟು ತಿನ್ನುವ ಕರೆಂಟು, ಕೊಡುವ ಬೆಳಕಲ್ಲ. ಎಲ್‌ಇಡಿಗೆ ನೋಡಬೇಕಾದ್ದು ಲ್ಯೂಮೆನ್, ಅಂದರೆ ಕೊಡುವ ಬೆಳಕಿನ ಅಳತೆ. ಒಳ್ಳೆಯ ವಿಷಯ ಏನೆಂದರೆ ನಮ್ಮಲ್ಲಿ ಎಲ್‌ಇಡಿ ಬಲ್ಬಿನ ಡಬ್ಬಿ ಮೇಲೆ ವ್ಯಾಟ್, ಲ್ಯೂಮೆನ್, ಕೆಲ್ವಿನ್ ಮೂರೂ ಅಚ್ಚಾಗಿರುತ್ತವೆ. ಗ್ಯಾಸ್ ಇಲ್ಲದ ಟ್ಯಾಂಕಿಗೆ ಲೀಟರಿಗೆ 20 ಲ್ಯೂಮೆನ್ ಆಸುಪಾಸು ಸಾಕು, 40 ದಾಟಿದರೆ ಪಾಚಿಗೆ ಆಮಂತ್ರಣ ಅನ್ನುವುದು ಈ ಹವ್ಯಾಸದವರು ಬಳಸುವ ಒರಟು ಲೆಕ್ಕ. ನನ್ನ ಫ್ಲಡ್ ಲೈಟಿನ ಡಬ್ಬಿ ಹುಡುಕಿ ನೋಡಿದೆ. 4500 ಲ್ಯೂಮೆನ್! 48 ಲೀಟರಿಗೆ ಹಂಚಿದರೆ ಲೀಟರಿಗೆ 94. ನಗು ಬಂತು.

ಮರುದಿನ ಮನೆ ಹತ್ತಿರದ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ ಎರಡು ಅಡಿಯ ಎಲ್‌ಇಡಿ ಬ್ಯಾಟನ್ (ಟ್ಯೂಬ್‌ಲೈಟ್ ಥರದ ಉದ್ದನೆಯ ಲೈಟು) ಎರಡು ತಂದೆ. ಒಂದೊಂದು 10 ವ್ಯಾಟ್, 1000 ಲ್ಯೂಮೆನ್, 6500 ಕೆಲ್ವಿನ್. ಒಂದಕ್ಕೆ 220 ರೂಪಾಯಿ ಕೊಟ್ಟ ನೆನಪು. "ಅಡುಗೆಮನೆಗಾ ಸಾರ್?" ಅಂತ ಕೇಳಿದರು. ಮೀನಿಗೆ ಅಂದೆ. ಅವರು ಮತ್ತೆ ಏನೂ ಕೇಳಲಿಲ್ಲ.

ಕೆಲ್ವಿನ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕಡಿಮೆ ಸಂಖ್ಯೆ ಅಂದರೆ ಹಳದಿ, ಜಾಸ್ತಿ ಅಂದರೆ ನೀಲಿಯ ಕಡೆ. ಗಿಡ ಎರಡರಲ್ಲೂ ಬೆಳೆಯುತ್ತದೆ. 6500 ಹಗಲು ಬೆಳಕಿನ ಹಾಗೆ ಇರುವುದರಿಂದ ಅದು ನಮ್ಮ ಕಣ್ಣಿಗಾಗಿ. ನೇರಳೆ ಬಣ್ಣದ ಗ್ರೋ ಲೈಟುಗಳೂ ಅಗ್ಗಕ್ಕೆ ಸಿಗುತ್ತವೆ. ಗಿಡಕ್ಕೇನೋ ಸರಿ. ಆದರೆ ಮನೆಯ ಹಾಲ್‌ನಲ್ಲಿ ಇಡಬೇಡಿ, ಆರ್ಕೆಸ್ಟ್ರಾ ವೇದಿಕೆ ಥರ ಕಾಣುತ್ತದೆ.

ಬೆಳಕು ನಿಜವಾಗಿ ಎಷ್ಟು ಬೀಳುತ್ತದೆ ಅಂತ ನೋಡಲು ಮೊಬೈಲಿಗೆ ಲಕ್ಸ್ ಮೀಟರ್ ಆ್ಯಪ್ ಹಾಕಿಕೊಂಡೆ. ರಾತ್ರಿ ಕೋಣೆ ಕತ್ತಲೆ ಮಾಡಿ, ಲೈಟನ್ನು ಎರಡು ಸ್ಟೂಲಿನ ಮೇಲೆ ಅಡ್ಡ ಇಟ್ಟು, 12 ಇಂಚು ಕೆಳಗೆ ಮೊಬೈಲ್ ಇಟ್ಟೆ. ಒಂದು ಬ್ಯಾಟನ್‌ಗೆ 2100 ತೋರಿಸಿತು, ಎರಡಕ್ಕೆ 4000 ಚಿಲ್ಲರೆ. ಫ್ಲಡ್ ಲೈಟ್ ಹಾಗೇ ಇಟ್ಟರೆ ನಡುವೆ ಒಂಬತ್ತು ಸಾವಿರದ ಮೇಲೆ, ಒಂದಡಿ ಪಕ್ಕಕ್ಕೆ ಸರಿದರೆ ಧಡಕ್ಕನೆ ಇಳಿಯಿತು. ನಡುವಿನ ಗಿಡಕ್ಕೆ ಹಬ್ಬ, ಮೂಲೆಯ ಗಿಡಕ್ಕೆ ಉಪವಾಸ. ಉದ್ದದ ಲೈಟಿನಲ್ಲಿ ಆ ತಾಪತ್ರಯ ಕಮ್ಮಿ. ಮೊಬೈಲಿನ ಸೆನ್ಸರ್ ಅಷ್ಟೇನೂ ನಿಖರ ಅಲ್ಲ, ಒಂದಕ್ಕೊಂದು ಹೋಲಿಸಲು ಸಾಕು. ಗಿಡಕ್ಕೆ ಸಿಗುವ ಬೆಳಕನ್ನು ಪಾರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಬಿಳಿ ಎಲ್‌ಇಡಿ ಆದರೆ ಲಕ್ಸನ್ನು 70ರಿಂದ ಭಾಗಿಸಿದರೆ ಸುಮಾರಾಗಿ ಅದು ಸಿಗುತ್ತದೆ. ಒಂದು ಬ್ಯಾಟನ್‌ಗೆ 30 ಬಂತು. ಅನುಬಿಯಾಸ್, ಜಾವಾ ಫರ್ನ್, ಕ್ರಿಪ್ಟೊಕೊರಿನ್‌ಗೆ ಅಷ್ಟು ಧಾರಾಳ. ಕ್ರಿಪ್ಟೊಕೊರಿನ್ ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲೂ ಇದೆ. ಈ ಮೂರೂ ಸ್ಟೇಡಿಯಂ ಲೈಟು ಕೇಳುವ ಗಿಡಗಳಲ್ಲ.

ಕೂರಿಸುವ ಕೆಲಸಕ್ಕೆ ಅರ್ಧ ಭಾನುವಾರ ಹೋಯಿತು. ಎರಡು ಅಲ್ಯೂಮಿನಿಯಂ ಆಂಗಲ್, ಟ್ಯಾಂಕಿನ ಉದ್ದಕ್ಕೆ ಕತ್ತರಿಸಿ ಒಳಮುಖಕ್ಕೆ ಬಿಳಿ ಪೇಂಟ್ ಹೊಡೆದೆ. ಬಿಳಿ ಬಣ್ಣ ಬೆಳಕನ್ನು ಚೆನ್ನಾಗಿ ಕೆಳಕ್ಕೆ ತಿರುಗಿಸುತ್ತದೆ. ಟ್ಯಾಂಕಿನ ಮೇಲೆ ಗಾಜಿನ ಮುಚ್ಚಳ, ಅದರ ಮೇಲೆ ಲೈಟು. ಇಲ್ಲೊಂದು ಎಚ್ಚರಿಕೆ. ಬ್ಯಾಟನ್ ನೀರಿಗೆ ಮಾಡಿದ್ದಲ್ಲ. ಮೊದಲ ತಿಂಗಳು ನಾನು ಮುಚ್ಚಳ ಹಾಕಿರಲಿಲ್ಲ. ಆವಿ ತುದಿಯ ಕ್ಯಾಪಿನೊಳಗೆ ಹೋಗಿ ಒಂದು ಸಂಜೆ ಮನೆಯ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಟ್ರಿಪ್ ಆಯಿತು. ಅದು ಇದ್ದದ್ದಕ್ಕೆ ಬಚಾವ್. ಈಗ ತುದಿಗಳಿಗೆ ಸಿಲಿಕೋನ್ ಬಳಿದಿದ್ದೇನೆ. ವೈರು ಪ್ಲಗ್ಗಿಗಿಂತ ಕೆಳಕ್ಕೆ ಇಳಿದು ಮತ್ತೆ ಮೇಲೆ ಹೋಗುವ ಹಾಗೆ ಬಿಟ್ಟಿದ್ದೇನೆ, ಹನಿ ಜಾರಿದರೂ ಪ್ಲಗ್ಗಿನೊಳಗೆ ಹೋಗದೆ ಕೆಳಗೇ ಬೀಳಲಿ ಅಂತ. ಟ್ಯಾಂಕಿನೊಳಗೆ ಕೈ ಹಾಕುವ ಮೊದಲು ಸ್ವಿಚ್ ಆಫ್. ಲೋಹದ ಮೈಯ ಫ್ಲಡ್ ಲೈಟ್ ಹಾಕುವವರು ಮೂರು ಪಿನ್ನಿನ ಪ್ಲಗ್ ಹಾಕಿ, ಅರ್ಥ್ ಇದೆಯಾ ನೋಡಿ.

ಮುಚ್ಚಳದ ಗಾಜು ಬೆಳಕು ತಿನ್ನುತ್ತದೆ, ಅದರಲ್ಲೂ ಬೋರ್‌ವೆಲ್ ನೀರಿದ್ದರೆ. ಹನಿ ಒಣಗಿ ಸುಣ್ಣದ ಬಿಳಿ ಕಲೆ ಕಟ್ಟುತ್ತದೆ. ಹದಿನೈದು ದಿನಕ್ಕೊಮ್ಮೆ ಗಾಜನ್ನು ಹೊರಗೆ ತೆಗೆದು ಹಿಂಡಿದ ನಿಂಬೆಹೋಳಿನಿಂದ ಉಜ್ಜಿ ತೊಳೆಯುತ್ತೇನೆ. "ಲೈಟು ಮಂಕಾಯ್ತು, ಹೊಸದು ತರಬೇಕು" ಅನ್ನುವವರು ಮೊದಲು ಗಾಜು ಒರೆಸಿ ನೋಡಿ.

ನನ್ನ ಕೇಳಿದರೆ ಲೈಟಿಗಿಂತ ಟೈಮರಿಗೆ ದುಡ್ಡು ಹಾಕುವುದು ಒಳ್ಳೆಯದು. ಮೊದಲು ತಂದದ್ದು ಸುತ್ತಲೂ ಪಿನ್ನು ಇರುವ, ಗಡಿಯಾರದ ಹಾಗೆ ತಿರುಗುವ ಟೈಮರ್. ಕರೆಂಟ್ ಹೋದಾಗ ಅದೂ ನಿಲ್ಲುತ್ತದೆ ಅಂತ ನನಗೆ ಹೊಳೆದಿರಲಿಲ್ಲ. ಮಳೆಗಾಲದ ಒಂದು ತಿಂಗಳಲ್ಲಿ ಮಧ್ಯಾಹ್ನದ ಲೈಟು ರಾತ್ರಿ ಹನ್ನೊಂದಕ್ಕೆ ಉರಿಯತೊಡಗಿತು. ಈಗ ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಎರಡು ಇವೆ. ಒಂದು ಬ್ಯಾಟನ್ ಮಧ್ಯಾಹ್ನ ಎರಡರಿಂದ ರಾತ್ರಿ ಒಂಬತ್ತರವರೆಗೆ ಏಳು ಗಂಟೆ ಉರಿಯುತ್ತದೆ. ಎರಡನೆಯದು ಸಂಜೆ ಐದರಿಂದ ಎಂಟರವರೆಗೆ ಮಾತ್ರ. ನಾವು ಮನೆಯಲ್ಲಿ ಕೂತು ನೋಡುವ ಹೊತ್ತಿಗೆ ಟ್ಯಾಂಕ್ ಬೆಳಗಿರುತ್ತದೆ, ಒಟ್ಟು ಬೆಳಕೂ ಮಿತಿಯಲ್ಲಿ ಇರುತ್ತದೆ. ಎರಡೂ ಸೇರಿ ದಿನಕ್ಕೆ 100 ವ್ಯಾಟ್-ಗಂಟೆ, ತಿಂಗಳಿಗೆ ಮೂರು ಯೂನಿಟ್. ಫ್ಲಡ್ ಲೈಟ್ ಇದ್ದಾಗ ಹದಿನೈದು ಯೂನಿಟ್ ಮೇಲೆ ಹೋಗುತ್ತಿತ್ತು.

ಪಾಚಿ ತಕ್ಷಣ ಹೋಗಲಿಲ್ಲ. ಆರು ವಾರ ಕೈಯಲ್ಲೇ ಕಿತ್ತೆ, ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸಿದೆ. ಕಪ್ಪು ಗಡ್ಡದ ಎಲೆಗಳನ್ನು ಕತ್ತರಿಸಿ ಎಸೆದೆ. ಬೆಳಕು ಬದಲಾದ ಸಿಟ್ಟಿಗೆ ಕ್ರಿಪ್ಟೊಕೊರಿನ್ ಎಲೆಯೆಲ್ಲ ಕರಗಿಸಿಕೊಂಡಿತು. ಬೇರು ಕಿತ್ತು ಬಿಸಾಡದೆ ಹಾಗೇ ಬಿಟ್ಟೆ. ತಿಂಗಳಾದ ಮೇಲೆ ಮಣ್ಣಿನಿಂದ ಕಂದು ಬಣ್ಣದ ಚಿಗುರು ಬಂತು. ಹೈಗ್ರೋಫಿಲಾ ಈಗ ಒತ್ತೊತ್ತಾಗಿ ಎಲೆ ಬಿಡುತ್ತಿದೆ. ವ್ಯಾಲಿಸ್ನೇರಿಯಾ ಓಡುಬಳ್ಳಿ ಬಿಟ್ಟು ಹಿಂದಿನ ಗೋಡೆ ಪೂರ್ತಿ ಹಿಡಿದಿದೆ, ಕೇಳಿದವರಿಗೆಲ್ಲ ಕಿತ್ತು ಕೊಡುತ್ತೇನೆ.

ಕೆಂಪು ಗಿಡ ಮಾತ್ರ ಒಲಿಯಲಿಲ್ಲ. ರೋಟಾಲಾ ತಂದು ನೆಟ್ಟೆ. ಬೆಳೆಯುತ್ತದೆ, ಆದರೆ ತುದಿಯಲ್ಲಿ ತುಸು ಗುಲಾಬಿ ಬಂದರೆ ಹೆಚ್ಚು, ಉಳಿದದ್ದೆಲ್ಲ ಹಸಿರು. ಆಂಗಲ್‌ನಲ್ಲಿ ಮೂರನೇ ಬ್ಯಾಟನ್‌ಗೆ ಜಾಗ ಇದೆ. ಅಂಗಡಿ ಮುಂದೆ ಹೋಗುವಾಗಲೆಲ್ಲ ತರೋಣ ಅನ್ನಿಸುತ್ತದೆ. ಆ ಶಾವಿಗೆ ಪಾಚಿ ನೆನಪಾಗಿ ಗಾಡಿ ನಿಲ್ಲಿಸದೆ ಬರುತ್ತೇನೆ.