ಯೋಧನ ಹೆಗಲಿಗೊಂದು ಕೌದಿ: ಅಳತೆಯಿಂದ ಅರ್ಪಣೆಯವರೆಗೆ

ಯುದ್ಧದ ಬಿಸಿ ತಾಗಿ ಮರಳಿದ ಸೈನಿಕರಿಗೆ ಸಾಮಾನ್ಯ ನಾಗರಿಕರು ಕೌದಿ ಹೊಲಿದು ಅರ್ಪಿಸುವ ಪದ್ಧತಿಯೊಂದು ಅಮೆರಿಕದಲ್ಲಿ 2003ರಿಂದ ನಡೆದುಬಂದಿದೆ. ಮಗ ಇರಾಕ್ ಯುದ್ಧಭೂಮಿಯಲ್ಲಿದ್ದಾಗ ಡೆಲವೇರ್ ರಾಜ್ಯದ ಕ್ಯಾಥರೀನ್ ರಾಬರ್ಟ್ಸ್ ಆರಂಭಿಸಿದ ಈ ಕೆಲಸ ‘ಕ್ವಿಲ್ಟ್ಸ್ ಆಫ್ ವೇಲರ್ ಫೌಂಡೇಶನ್’ ಎಂಬ ಸಂಸ್ಥೆಯಾಗಿ ಬೆಳೆದಿದ್ದು, ಅದರ ಮೂಲಕ 3 ಲಕ್ಷಕ್ಕೂ ಹೆಚ್ಚು ಕೌದಿಗಳು ಸೈನಿಕರನ್ನೂ ನಿವೃತ್ತ ಯೋಧರನ್ನೂ ತಲುಪಿವೆ. ಮೊದಲ ಕೌದಿ ಸಂದದ್ದು ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿದ್ದ, ಇರಾಕ್‌ನಲ್ಲಿ ಕಾಲು ಕಳೆದುಕೊಂಡಿದ್ದ ಯುವ ಸೈನಿಕನೊಬ್ಬನಿಗೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಹೊಲಿಗೆ ಬಲ್ಲವರಿಗೂ ಈ ಸೇವೆ ಮುಕ್ತವಾಗಿದೆ. ಕೌದಿಯನ್ನು ದಿನವೂ ಹೊದೆಯಬೇಕು, ಮಷೀನಿನಲ್ಲಿ ಒಗೆಯಬೇಕು, ವರ್ಷಗಟ್ಟಲೆ ಬಾಳಿಸಬೇಕು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ನಿಯಮಗಳು ಕಿರಿಕಿರಿ ಎನಿಸುವುದಿಲ್ಲ.

ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುವುದನ್ನು ಕಂಡವರು ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಈ ಕೌದಿಗೆ ಹಳೆಯ ಬಟ್ಟೆ ಸಲ್ಲದು; ಒಳ್ಳೆಯ ಗುಣಮಟ್ಟದ ಹೊಸ ಹತ್ತಿ ಬಟ್ಟೆಯೇ ಬೇಕು. ತುಂಡುಗಳನ್ನು ಕೂಡಿಸಿದ ಮೇಲ್ಪದರ, ನಡುವೆ ‘ಬ್ಯಾಟಿಂಗ್’ ಎಂದು ಮಾರುವ ತೆಳು ಹತ್ತಿ ಪದರ, ಕೆಳಗೆ ಅಸ್ತರು ಹೀಗೆ ಮೂರು ಪದರಗಳಿರುತ್ತವೆ. ಅಳತೆ 55×65 ಇಂಚಿಗಿಂತ ಕಡಿಮೆಯಿರಬಾರದು, 72×90 ಇಂಚನ್ನು ಮೀರಬಾರದು. 60×80 ಇಂಚು ಹೊಲಿಯುವವರಿಗೂ ಹೊದೆಯುವವರಿಗೂ ಅನುಕೂಲ.

ಮೊದಲ ಸಲ ಹೊಲಿಯುವವರು ನಕ್ಷತ್ರದ ವಿನ್ಯಾಸಗಳ ಗೊಡವೆಗೆ ಹೋಗದೆ ನೇರ ಪಟ್ಟಿಗಳ ಚೌಕಗಳನ್ನು ಆರಿಸಿಕೊಳ್ಳುವುದು ಜಾಣತನ. ಕೆಂಪು, ಬಿಳಿ, ನೀಲಿ ಬಣ್ಣಗಳು ವಾಡಿಕೆಯಲ್ಲಿವೆ, ಕಡ್ಡಾಯವಲ್ಲ. ಕಡುಗೆಂಪು ಬಟ್ಟೆ ಬಣ್ಣ ಬಿಟ್ಟು ಪಕ್ಕದ ಬಿಳಿಯನ್ನು ಕೆಡಿಸುವುದರಿಂದ ಅದನ್ನು ಕತ್ತರಿಸುವ ಮೊದಲೇ ಒಗೆದು, ಒಣಗಿಸಿ, ಇಸ್ತ್ರಿ ಮಾಡಿಕೊಳ್ಳಬೇಕು. ಬಳಿಕ ಬಟ್ಟೆಯ ಅಡ್ಡಗಲಕ್ಕೆ ಎರಡೂವರೆ ಇಂಚಿನ ಪಟ್ಟಿಗಳನ್ನು ಕತ್ತರಿಸಿ, ಐದೈದನ್ನು ಬದಿಯಲ್ಲಿ ಕಾಲಿಂಚು ಬಿಟ್ಟು ಉದ್ದುದ್ದಕ್ಕೆ ಕೂಡಿಸಿ, ಹತ್ತೂವರೆ ಇಂಚಿಗೊಂದರಂತೆ ಚೌಕಗಳನ್ನಾಗಿ ತುಂಡರಿಸಬೇಕು. ಅಂಚು ತೆಗೆದ ಮೇಲೆ 42 ಇಂಚು ಪೂರ್ತಿ ಉಳಿದರೆ ಒಂದು ಜೋಡಣೆಯಿಂದ 4 ಚೌಕ ಬರುತ್ತವೆ, ತುಸು ಕಡಿಮೆಯಾದರೂ 3 ಮಾತ್ರ. ಬಟ್ಟೆ ಕೊಳ್ಳುವಾಗ ಈ ಲೆಕ್ಕ ಹಿಡಿದಿರಬೇಕು. ಅಡ್ಡಕ್ಕೆ 6, ಉದ್ದಕ್ಕೆ 8ರಂತೆ 48 ಚೌಕಗಳನ್ನು, ಒಂದರ ಪಟ್ಟಿ ಅಡ್ಡ, ಪಕ್ಕದ್ದು ಉದ್ದ ಬರುವಂತೆ ಕೂಡಿಸಿದರೆ ಮೇಲ್ಪದರ ಸಿದ್ಧ.

ಇಡೀ ಕೆಲಸದಲ್ಲಿ ಹೆಚ್ಚು ಎಚ್ಚರ ಬೇಡುವುದು ಕಾಲಿಂಚಿನ ಹೊಲಿಗೆ ಅಂಚು, ಅಂದರೆ ಹೊಲಿಗೆಯಿಂದ ಬಟ್ಟೆಯ ತುದಿಯವರೆಗೆ ಬಿಡುವ ಜಾಗ. ಅದು ಒಂದು ಇಂಚಿನ ಹದಿನಾರನೇ ಒಂದು ಭಾಗದಷ್ಟು ಹೆಚ್ಚಾದರೂ ಎರಡೂ ಬದಿ ಸೇರಿ ಪ್ರತಿ ಹೊಲಿಗೆಗೆ ಎಂಟನೇ ಒಂದು ಭಾಗ ನುಂಗಿಹೋಗುತ್ತದೆ. ಚೌಕವೊಂದರಲ್ಲಿ ನಾಲ್ಕು ಹೊಲಿಗೆಗಳಿರುವುದರಿಂದ ಅರ್ಧ ಇಂಚು ಕುಗ್ಗುತ್ತದೆ. ಆ ಚೌಕದ ಎರಡು ಬದಿಗಳು ಸಮವಾಗಿರದೆ ಪಕ್ಕದ್ದಕ್ಕೆ ಹೊಂದುವುದೇ ಇಲ್ಲ. ಮೊದಲ ಚೌಕವನ್ನು ಅಳೆದು ನೋಡದೆ ಎರಡನೆಯದಕ್ಕೆ ಕೈ ಹಾಕಬಾರದು.

ಅಸ್ತರನ್ನೂ ಬ್ಯಾಟಿಂಗನ್ನೂ ಮೇಲ್ಪದರಕ್ಕಿಂತ ಎಲ್ಲ ಬದಿಗೂ ನಾಲ್ಕು ಇಂಚು ಹೆಚ್ಚಿಗೆ ಇಟ್ಟುಕೊಳ್ಳಬೇಕು. ಅಸ್ತರಿಗೆ ಎರಡು ಉದ್ದಗಳನ್ನು ಜೋಡಿಸಬೇಕಾಗುವುದರಿಂದ ಸುಮಾರು 5 ಗಜ ಬಟ್ಟೆ ಹಿಡಿಯುತ್ತದೆ. ಮನೆಯಲ್ಲೇ ಹೊಲಿಯುವವರು ಅಸ್ತರನ್ನು ನೆಲಕ್ಕೆ ಬಿಗಿಯಾಗಿ ಹಾಸಿ, ಅದರ ಮೇಲೆ ಉಳಿದ ಪದರಗಳನ್ನು ನಡುವಿನಿಂದ ಅಂಚಿನ ಕಡೆಗೆ ಸವರುತ್ತಾ ಸೇಫ್ಟಿ ಪಿನ್ ಹಾಕಿ, ಹೊಲಿಗೆಯನ್ನೂ ನಡುವಿನಿಂದಲೇ ಆರಂಭಿಸಬೇಕು. ಅಲ್ಲಲ್ಲಿ ದಾರದ ಗಂಟು ಹಾಕಿ ಪದರ ಹಿಡಿಸಿದ ಕೌದಿಯನ್ನು ಸಂಸ್ಥೆ ಒಪ್ಪುವುದಿಲ್ಲ. ಕೈಯಿಂದಲೋ ಮಷೀನಿನಿಂದಲೋ ಪೂರ್ತಿ ಹೊಲಿದಿರಬೇಕು. ಸಾಲುಗಳ ನಡುವಿನ ಗರಿಷ್ಠ ಅಂತರ ಬ್ಯಾಟಿಂಗಿನ ಪೊಟ್ಟಣದ ಮೇಲೆಯೇ ಇರುತ್ತದೆ. ಅಷ್ಟು ದೊಡ್ಡ ಬಟ್ಟೆಯನ್ನು ಮನೆಯ ಮಷೀನಿನಡಿ ತೂರಿಸುವುದು ಕಷ್ಟವೆನಿಸಿದರೆ, ‘ಲಾಂಗ್‌ಆರ್ಮ್’ ಎಂಬ ದೊಡ್ಡ ಮಷೀನುಳ್ಳ ಸ್ವಯಂಸೇವಕರು ಆ ಹಂತವನ್ನು ಮಾಡಿಕೊಡುತ್ತಾರೆ. ಅವರಿಗೆ ಕಳುಹಿಸುವಾಗ ಪದರಗಳಿಗೆ ಪಿನ್ ಹಾಕದೆ ಬಿಡಿಬಿಡಿಯಾಗಿಯೇ ಕೊಡಬೇಕು.

ಸುತ್ತಲಿನ ಅಂಚಿಗೆ ಎರಡೂವರೆ ಇಂಚಿನ 8 ಪಟ್ಟಿ ಸಾಕು. ಅವನ್ನು ಓರೆಯಾಗಿ ಜೋಡಿಸಿ, ಉದ್ದಕ್ಕೆ ಮಡಚಿ ಹೊಲಿದರೆ ಅಂಚಿನಲ್ಲಿ ಬಟ್ಟೆ ಇಮ್ಮಡಿಯಾಗುತ್ತದೆ. ಕೌದಿ ಮೊದಲು ಸವೆಯುವುದು ಅಲ್ಲಿಯೇ.

ಕೊನೆಗೆ ಹಿಂಬದಿಯ ಮೂಲೆಯಲ್ಲಿ ಲೇಬಲ್ ಇರಲೇಬೇಕು. ‘ಕ್ವಿಲ್ಟ್ ಆಫ್ ವೇಲರ್’ ಎಂಬ ಹೆಸರು, ತುಂಡು ಕೂಡಿಸಿದವರು ಮತ್ತು ಪದರ ಹೊಲಿದವರ ಹೆಸರು, ಊರು ಹಾಗೂ ಪಡೆಯುವ ಯೋಧರ ಹೆಸರಿಗೆ ಜಾಗ, ಇಷ್ಟನ್ನು ಬಟ್ಟೆಯ ಮೇಲೆ ಅಳಿಯದ ಶಾಯಿಯಲ್ಲಿ ಬರೆದು ನಾಲ್ಕೂ ಕಡೆ ಭದ್ರವಾಗಿ ಹೊಲಿಯಬೇಕು. ಅಂದದ ಕಸೂತಿ ಮಾಡಿಯೂ ಲೇಬಲನ್ನು ಮರೆಯುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಕಸೂತಿ ಇಲ್ಲದಿದ್ದರೂ ನಡೆದೀತು.

ಒಮ್ಮೆ ಒಗೆದು ಒಣಗಿಸಿದ ಕೌದಿಯನ್ನು ಸ್ಥಳೀಯ ಗುಂಪಿಗೆ ಒಪ್ಪಿಸಬಹುದು, ಇಲ್ಲವೇ ಪರಿಚಯದ ಯೋಧರ ಹೆಸರನ್ನು ಸಂಸ್ಥೆಯ ಜಾಲತಾಣದಲ್ಲಿ ಸೂಚಿಸಬಹುದು. ಅರ್ಪಣೆಯ ದಿನ ಕೌದಿಯನ್ನು ಮಡಚಿ ಕೈಗಿಡುವ ಬದಲು ಬಿಚ್ಚಿ ಹೆಗಲ ಸುತ್ತ ಹೊದಿಸುವುದು ರೂಢಿ. ಆದ್ದರಿಂದ ಸಭೆಯಲ್ಲಿ ಅದನ್ನು ಎರಡೂ ಬದಿ ಹಿಡಿಯಲು ಇಬ್ಬರು ಇರುವಂತೆ ಮೊದಲೇ ನೋಡಿಕೊಳ್ಳಬೇಕು.