ಓಲ್ ಪೆಜೆಟಾ ಸಫಾರಿಗೆ ಸಿದ್ಧತೆ: ಯಾವುದನ್ನು ಮೊದಲು ಕಾದಿರಿಸಬೇಕು, ಎಲ್ಲಿ ಎಡವಬಹುದು

ಕೀನ್ಯಾದ ಓಲ್ ಪೆಜೆಟಾ ನೈರೋಬಿಯಿಂದ ಉತ್ತರಕ್ಕೆ ಸುಮಾರು 200 ಕಿ.ಮೀ. ದೂರದಲ್ಲಿ, ಲೈಕಿಪಿಯಾ ಪ್ರಸ್ಥಭೂಮಿಯ ಮೇಲಿದೆ. ಇದು ಸರ್ಕಾರದ ರಾಷ್ಟ್ರೀಯ ಉದ್ಯಾನವಲ್ಲ. ಒಂದು ಕಾಲದಲ್ಲಿ ದನ ಸಾಕುತ್ತಿದ್ದ ಸುಮಾರು 90,000 ಎಕರೆ ಜಮೀನು, ಈಗ ಲಾಭದ ಉದ್ದೇಶವಿಲ್ಲದ ಸಂಸ್ಥೆಯ ಕೈಯಲ್ಲಿರುವ ಖಾಸಗಿ ಸಂರಕ್ಷಣಾ ಪ್ರದೇಶ. ಬೋರಾನ್ ತಳಿಯ ದನಗಳು ಇವತ್ತಿಗೂ ಅಲ್ಲಿ ಜೀಬ್ರಾಗಳ ಜೊತೆ ಮೇಯುತ್ತವೆ. ನೀವು ಕೊಡುವ ಪ್ರವೇಶ ಶುಲ್ಕ ಕಾವಲುಗಾರರ ಸಂಬಳಕ್ಕೆ, ಬೇಲಿಗೆ, ಘೇಂಡಾಮೃಗಗಳ ರಕ್ಷಣೆಗೆ ಹೋಗುತ್ತದೆ. ದರ ನೋಡಿ ದುಬಾರಿ ಎನಿಸಿದಾಗ ಇದು ನೆನಪಿರಲಿ.

ಕೀನ್ಯಾದ ಹೆಚ್ಚಿನ ರಾಷ್ಟ್ರೀಯ ಉದ್ಯಾನಗಳಲ್ಲಿ ಕತ್ತಲಾದ ಮೇಲೆ ಗಾಡಿ ಓಡಿಸುವಂತಿಲ್ಲ. ಇಲ್ಲಿ ರಾತ್ರಿ ಸಫಾರಿ ಇದೆ, ಬಂದೂಕುಧಾರಿ ರೇಂಜರ್ ಜೊತೆ ಕಾಲ್ನಡಿಗೆ ಇದೆ, ಕಾಲರ್ ಹಾಕಿದ ಸಿಂಹಗಳನ್ನು ರೇಡಿಯೋ ಸಂಕೇತ ಹಿಡಿದು ಹುಡುಕುವ ತಂಡದ ಜೊತೆ ಹೋಗುವ ಅವಕಾಶವೂ ಇದೆ. ಇವಕ್ಕೆಲ್ಲ ಪ್ರತ್ಯೇಕ ಶುಲ್ಕ, ಪ್ರತ್ಯೇಕ ಹೊತ್ತು, ಸೀಮಿತ ಜಾಗ. ಹಾಗಾಗಿ ಯೋಜನೆ ಶುರುವಾಗಬೇಕಾದದ್ದು ಹೋಟೆಲಿನಿಂದಲ್ಲ, ಈ ಚಟುವಟಿಕೆಗಳಿಂದ. ಸಿಂಹ ಹುಡುಕಾಟ ಮತ್ತು ಬಿಳಿ ಘೇಂಡಾಮೃಗಗಳ ಭೇಟಿ ಯಾವ ದಿನ ಸಿಗುತ್ತದೆಂದು ಮೊದಲು ಗಟ್ಟಿ ಮಾಡಿಕೊಳ್ಳಿ, ಆಮೇಲೆ ವಸತಿ, ಕೊನೆಗೆ ಗಾಡಿ. ಕ್ಯಾಂಪು ಕಾದಿರಿಸಿ, ವಿಮಾನದ ಟಿಕೆಟ್ಟೂ ಆದ ಮೇಲೆ ಚಟುವಟಿಕೆ ಕೇಳಿದರೆ "ಆ ದಿನ ಭರ್ತಿ" ಎಂಬ ಉತ್ತರ ಬರಬಹುದು. ಜುಲೈ, ಆಗಸ್ಟ್ ಮತ್ತು ಕ್ರಿಸ್‌ಮಸ್ ರಜೆಯಲ್ಲಿ ಈ ಅಪಾಯ ಹೆಚ್ಚು.

ಬಿಳಿ ಘೇಂಡಾಮೃಗಗಳ ಭೇಟಿಯನ್ನು ಮಾತ್ರ ದಯವಿಟ್ಟು ಬಿಡಬೇಡಿ. ಉತ್ತರದ ಬಿಳಿ ಘೇಂಡಾಮೃಗ ಎಂಬ ಉಪಜಾತಿಯಲ್ಲಿ ಇಡೀ ಭೂಮಿಯ ಮೇಲೆ ಉಳಿದಿರುವುದು ಎರಡೇ: ತಾಯಿ ನಾಜಿನ್, ಮಗಳು ಫಾಟು. 2009ರ ಡಿಸೆಂಬರಿನಲ್ಲಿ ಚೆಕ್ ದೇಶದ ಮೃಗಾಲಯದಿಂದ ಇವನ್ನು ಇಲ್ಲಿಗೆ ತಂದರು. ಕೊನೆಯ ಗಂಡು ಸುಡಾನ್ 2018ರ ಮಾರ್ಚಿನಲ್ಲಿ ಸತ್ತಿತು. ಈಗ ಫಾಟುವಿನ ಅಂಡಾಣು ತೆಗೆದು, ಮೊದಲೇ ಶೇಖರಿಸಿಟ್ಟ ವೀರ್ಯದಿಂದ ಪ್ರಯೋಗಾಲಯದಲ್ಲಿ ಭ್ರೂಣ ಮಾಡಿ, ದಕ್ಷಿಣದ ಬಿಳಿ ಘೇಂಡಾಮೃಗದ ಗರ್ಭದಲ್ಲಿ ಬೆಳೆಸುವ ಪ್ರಯತ್ನ ನಡೆದಿದೆ. ಭೇಟಿಯ ಹೊತ್ತು ನಿಗದಿಯಾಗಿರುತ್ತದೆ, ಪಾಲಕರು ಜೊತೆಗಿರುತ್ತಾರೆ. ಅವರಿಗೆ ಈ ಪ್ರಾಣಿಗಳ ದಿನಚರಿ ಪೂರ್ತಿ ಗೊತ್ತು, ಪ್ರಶ್ನೆಗಳನ್ನು ಯೋಚಿಸಿಕೊಂಡೇ ಹೋಗಿ. ಯಾವುದೇ ಘೇಂಡಾಮೃಗದ ಫೋಟೋ ತೆಗೆಯುವ ಮುನ್ನ ಫೋನಿನ ಲೊಕೇಶನ್ ಆಫ್ ಮಾಡಿ. ಚಿತ್ರದೊಳಗೆ ಉಳಿಯುವ ಸ್ಥಳದ ವಿವರ ಬೇಟೆಗಾರರ ಕೈಗೆ ಸಿಗಬಾರದು.

ಕಾಲ: ಜೂನ್‌ನಿಂದ ಸೆಪ್ಟೆಂಬರ್, ಜನವರಿ ಮತ್ತು ಫೆಬ್ರವರಿ ಒಣ ತಿಂಗಳುಗಳು. ಮಾರ್ಚ್ ಕೊನೆಯಿಂದ ಮೇವರೆಗೆ ದೊಡ್ಡ ಮಳೆ, ನವೆಂಬರ್ ಆಸುಪಾಸು ಚಿಕ್ಕ ಮಳೆ. ಇಲ್ಲಿನ ಬಹುಭಾಗ ನಮ್ಮ ಧಾರವಾಡ, ಗದಗ ಕಡೆಯಂಥದೇ ಎರೆ ಮಣ್ಣು. ನೆಂದ ಎರೆಯಲ್ಲಿ ಗಾಲಿ ಹೇಗೆ ಹೂತುಕೊಳ್ಳುತ್ತದೆಂದು ಆ ಕಡೆಯವರಿಗೆ ಹೇಳಬೇಕಿಲ್ಲ. ನೈರೋಬಿಯಲ್ಲಿ ಅಗ್ಗಕ್ಕೆ ಸಿಗುವ ಸಣ್ಣ ಕಾರು ಒಣ ದಿನಗಳಲ್ಲಿ ಮುಖ್ಯ ದಾರಿಗಳಲ್ಲಿ ಓಡೀತು. ಮಳೆ ಬಿದ್ದರೆ ನಾಲ್ಕೂ ಗಾಲಿಗೆ ಶಕ್ತಿ ಹೋಗುವ ಗಾಡಿಯೇ ಬೇಕು. ಬಾಡಿಗೆಗೆ ಕೇಳುವಾಗ ಮೇಲ್ಛಾವಣಿ ಎತ್ತುವ ಲ್ಯಾಂಡ್ ಕ್ರೂಸರ್ ಎಂದು ಸ್ಪಷ್ಟವಾಗಿ ಹೇಳಿ, ಪ್ರತಿಯೊಬ್ಬರಿಗೂ ಕಿಟಕಿ ಪಕ್ಕದ ಸೀಟು ಇದೆಯೇ ಎಂದು ಬರವಣಿಗೆಯಲ್ಲಿ ಖಚಿತಪಡಿಸಿಕೊಳ್ಳಿ.

ಎರಡು ರಾತ್ರಿಗಿಂತ ಕಡಿಮೆ ಇಟ್ಟುಕೊಂಡರೆ ಅರ್ಧ ಸಮಯ ರಸ್ತೆಯಲ್ಲೇ ಕಳೆಯುತ್ತದೆ. ನೈರೋಬಿಯಿಂದ ಥಿಕಾ ರಸ್ತೆ ಹಿಡಿದು ಕರಟಿನಾ, ನಾರೋ ಮೋರು ದಾಟಿ ಹತ್ತಿರದ ಪಟ್ಟಣವಾದ ನನ್ಯುಕಿ ತಲುಪಲು ನಾಲ್ಕು ಗಂಟೆ ಹಿಡಿಯಿರಿ. ಅಲ್ಲಿಂದ ಗೇಟಿಗೆ ಅರ್ಧ ಗಂಟೆಯ ದಾರಿ. ಸಂಜೆ ಗೇಟು ಮುಚ್ಚುವ ಮುನ್ನ ಒಳಗಿರಬೇಕಾದ್ದರಿಂದ ಮಧ್ಯಾಹ್ನದ ಮೇಲೆ ನೈರೋಬಿಗೆ ಇಳಿಯುವವರು ಆ ರಾತ್ರಿ ಅಲ್ಲೇ ಉಳಿಯುವುದು ಒಳ್ಳೆಯದು. ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ನನ್ಯುಕಿಗೆ ಸಣ್ಣ ವಿಮಾನಗಳಿವೆ. ಅವುಗಳಲ್ಲಿ ಸಾಮಾನು ಸಾಮಾನ್ಯವಾಗಿ 15 ಕೆ.ಜಿ. ಮೀರುವಂತಿಲ್ಲ, ಗಾಲಿಯ ಗಟ್ಟಿ ಸೂಟ್‌ಕೇಸ್ ನಡೆಯುವುದಿಲ್ಲ, ಬಟ್ಟೆಯ ಮೆತ್ತನೆ ಚೀಲ ಬೇಕು.

ದರಪಟ್ಟಿ ಕೇಳುವಾಗ ಒಟ್ಟು ಮೊತ್ತಕ್ಕೆ ಒಪ್ಪಬೇಡಿ. ಸಂರಕ್ಷಣಾ ಶುಲ್ಕ (ಅಂದರೆ ನಿಮ್ಮ ಪ್ರವೇಶ ಶುಲ್ಕ) ದಿನಕ್ಕೆಷ್ಟು, ಗಾಡಿಯ ಪ್ರವೇಶ ಶುಲ್ಕ ಯಾರದ್ದು, ಚಟುವಟಿಕೆಗಳು ಸೇರಿವೆಯೇ, ಚಾಲಕನ ಊಟ ವಸತಿ ಯಾರ ಲೆಕ್ಕ, ಈ ನಾಲ್ಕನ್ನೂ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ವಿದೇಶಿಯರ ದರ ಕೀನ್ಯಾ ನಿವಾಸಿಗಳ ದರಕ್ಕಿಂತ ಬಹಳ ಹೆಚ್ಚು. ಅಗ್ಗದ ಪ್ಯಾಕೇಜುಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಈ ಸಂರಕ್ಷಣಾ ಶುಲ್ಕವೇ.

ಕಾಗದಪತ್ರದಲ್ಲಿ ಭಾರತೀಯರು ಹೆಚ್ಚಾಗಿ ಎಡವುವುದು ಹಳದಿ ಜ್ವರದ ಲಸಿಕೆಯಲ್ಲಿ. ಇದನ್ನು ಮುಖ್ಯವಾಗಿ ಕೇಳುವುದು ಹೋಗುವಾಗ ಅಲ್ಲ, ವಾಪಸು ಬರುವಾಗ. ಕೀನ್ಯಾದಿಂದ ಬರುವವರ ಬಳಿ ಪ್ರಮಾಣಪತ್ರ ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆ ಹಾಕಿಸಿದ 10 ದಿನಗಳ ನಂತರವೇ ಪ್ರಮಾಣಪತ್ರಕ್ಕೆ ಮಾನ್ಯತೆ, ಅದೂ ಸರ್ಕಾರ ಮಾನ್ಯ ಮಾಡಿದ ಕೇಂದ್ರದ್ದಾಗಿರಬೇಕು. ಆ ಕೇಂದ್ರಗಳಲ್ಲಿ ಮುಂಗಡ ಹೆಸರು ಬರೆಸಬೇಕಾಗುವುದರಿಂದ ಪ್ರಯಾಣಕ್ಕೆ ಒಂದು ತಿಂಗಳ ಮೊದಲೇ ಈ ಕೆಲಸ ಶುರು ಮಾಡಿ. 60 ದಾಟಿದವರು, ಗರ್ಭಿಣಿಯರು, ಮೊಟ್ಟೆಯ ಅಲರ್ಜಿ ಇರುವವರು ಮೊದಲು ವೈದ್ಯರನ್ನು ಕೇಳಿ. ಮಲೇರಿಯಾ ಮಾತ್ರೆಯ ಬಗ್ಗೆಯೂ ಆಗಲೇ ಕೇಳಿಕೊಳ್ಳಿ. ಲೈಕಿಪಿಯಾ ಎತ್ತರದ ನಾಡಾದ್ದರಿಂದ ಅಪಾಯ ಕಡಿಮೆ, ಆದರೆ ಪ್ರವಾಸಕ್ಕೆ ಮಸಾಯಿ ಮಾರಾ ಅಭಯಾರಣ್ಯ ಅಥವಾ ಕರಾವಳಿ ಸೇರಿಸಿದರೆ ಮಾತು ಬೇರೆ.

2024ರ ಜನವರಿಯಿಂದ ಕೀನ್ಯಾಕ್ಕೆ ವೀಸಾ ಬದಲು ಆನ್‌ಲೈನ್ ಪ್ರಯಾಣ ಅನುಮತಿ ಇದೆ. ಮಕ್ಕಳಿಗೂ ಬೇರೆಯದೇ ಅರ್ಜಿ ಹಾಕಬೇಕು. ವಸತಿ ಮತ್ತು ವಿಮಾನದ ದಾಖಲೆ ಕೇಳುತ್ತಾರೆ. ಸರ್ಕಾರದ ಜಾಲತಾಣವನ್ನೇ ಹೋಲುವ, ದುಪ್ಪಟ್ಟು ಹಣ ಕೀಳುವ ತಾಣಗಳಿವೆ, ವಿಳಾಸ 'ಗೋ ಡಾಟ್ ಕೆಇ' (go.ke) ಎಂದು ಮುಗಿಯುತ್ತದೆಯೇ ನೋಡಿ.

ಚೀಲಕ್ಕೆ ಹಾಕುವಾಗ: ಸಮಭಾಜಕ ರೇಖೆ ನನ್ಯುಕಿಯಲ್ಲೇ ಹಾದುಹೋದರೂ ಬೆಳಗಿನ ಜಾವ ಚಳಿ ಕೊರೆಯುತ್ತದೆ, ಸ್ವೆಟರ್, ಟೋಪಿ ಬೇಕೇ ಬೇಕು. ಸೈನಿಕರ ಸಮವಸ್ತ್ರದ ಹಾಗಿರುವ ಮಚ್ಚೆಯ ಬಟ್ಟೆ ತರಬೇಡಿ, ಅಲ್ಲಿ ಅದು ಕಾನೂನುಬಾಹಿರ. ಪ್ಲಾಸ್ಟಿಕ್ ಕೈಚೀಲಗಳಿಗೆ 2017ರಿಂದ ನಿಷೇಧವಿದೆ. ಸೂಟ್‌ಕೇಸಿನಲ್ಲಿ ಚಪ್ಪಲಿ ಸುತ್ತಿದ ಕವರೂ ಅದರಲ್ಲಿ ಸೇರುತ್ತದೆ, ಬಟ್ಟೆಯ ಚೀಲ ಬಳಸಿ. ಪ್ಲಗ್ ಚೌಕ ಮೂರು ಪಿನ್ನಿನ ಬ್ರಿಟಿಷ್ ಮಾದರಿಯದು. ಕ್ಯಾಮೆರಾಕ್ಕೆ 100-400 ಮಿ.ಮೀ. ಲೆನ್ಸ್ ಸಾಕು. ಟ್ರೈಪಾಡ್ ಗಾಡಿಯೊಳಗೆ ಅಡ್ಡಿ, ಖಾಲಿ ಬಟ್ಟೆಯ ಚೀಲ ಒಯ್ದು ನನ್ಯುಕಿಯಲ್ಲಿ ಎರಡು ಕೆ.ಜಿ. ಕಾಳು ತುಂಬಿಸಿಕೊಂಡರೆ ಕಿಟಕಿಯ ಮೇಲೆ ಲೆನ್ಸ್ ಅಲುಗಾಡದೆ ಕೂರುತ್ತದೆ.

ಊಟದ ವಿಷಯದಲ್ಲಿ "ವೆಜಿಟೇರಿಯನ್" ಎಂದಷ್ಟೇ ಹೇಳಿ ಬಿಡಬೇಡಿ. ಮಾಂಸ, ಮೀನು, ಮೊಟ್ಟೆ, ಮಾಂಸದ ಸಾರು ಯಾವುದೂ ಬೇಡ ಎಂದು ಕಾದಿರಿಸುವಾಗಲೇ ಬರೆದು ತಿಳಿಸಿ. ಅಡುಗೆಯವರಿಗೆ ಸಾಮಾನು ತರಿಸಲು ಎರಡು ದಿನವಾದರೂ ಬೇಕು.

ಒಳಗೆ ಹೋದ ಮೇಲೆ ಬೆಳಿಗ್ಗೆ ಆರೂವರೆಗೇ ಹೊರಡಿ. 5,199 ಮೀಟರ್ ಎತ್ತರದ ಮೌಂಟ್ ಕೀನ್ಯಾ ಆಗ ಸ್ಪಷ್ಟವಾಗಿ ಕಾಣುವುದೇ ಹೆಚ್ಚು, ಬಿಸಿಲೇರಿದಂತೆ ಮೋಡ ಮುಚ್ಚುತ್ತದೆ. ಕಪ್ಪು ಘೇಂಡಾಮೃಗಕ್ಕೆ ಮುಳ್ಳು ಜಾಲಿಯ ಪೊದೆಗಳ ಬಳಿ, ದಕ್ಷಿಣದ ಬಿಳಿಯದಕ್ಕೆ ಬಯಲು ಹುಲ್ಲಿನಲ್ಲಿ ಹುಡುಕಿ. ಕಪ್ಪಿನದು ಎಲೆ ಕೀಳುವ ಚೂಪು ತುಟಿ, ಬಿಳಿಯದು ಹುಲ್ಲು ಮೇಯುವ ಅಗಲ ಬಾಯಿ, ಬಣ್ಣ ಮಾತ್ರ ಎರಡಕ್ಕೂ ಬೂದು. ಮಧ್ಯಾಹ್ನ ಪ್ರಾಣಿಗಳು ನೆರಳು ಹಿಡಿಯುವ ಹೊತ್ತನ್ನು ಸ್ವೀಟ್‌ವಾಟರ್ಸ್ ಚಿಂಪಾಂಜಿ ಧಾಮಕ್ಕೆ ಇಟ್ಟುಕೊಳ್ಳಿ, ಅದು ತೆರೆದಿರುವ ವೇಳೆಯನ್ನು ಗೇಟಿನಲ್ಲೇ ಕೇಳಿ. ಕೀನ್ಯಾದ ಕಾಡಿನಲ್ಲಿ ಚಿಂಪಾಂಜಿ ಇಲ್ಲ. ಇಲ್ಲಿರುವವು ಬೇರೆ ದೇಶಗಳಲ್ಲಿ ಮಾರಾಟಗಾರರಿಂದ, ಪಂಜರಗಳಿಂದ ಬಿಡಿಸಿ ತಂದವು. ತಿಂಡಿಯ ಪೊಟ್ಟಣವನ್ನು ಗಾಡಿಯಲ್ಲೇ ಬಿಟ್ಟು ಇಳಿಯುವಾಗ ಗಾಜು ಪೂರ್ತಿ ಏರಿಸಿ, ಇಲ್ಲದಿದ್ದರೆ ಕೋತಿಗಳ ಪಾಲು.